ನಾಲ್ಕನೇ ಫಿಲಿಪ್‌ನ ಸ್ಪೇನ್: ಬೆಳ್ಳಿ ಬರುತ್ತಿತ್ತು, ಆದರೂ ನಾಲ್ಕು ಸಲ ದಿವಾಳಿ ಯಾಕೆ?

ಮಾಳಮಡ್ಡಿ ಓದುಗ, ಧಾರವಾಡ

ಎಲ್ಲರಿಗೂ ನಮಸ್ಕಾರ್ರಿ. ಬರುವ ರವಿವಾರ ಧಾರವಾಡದ ನಮ್ಮ ಓದುಗರ ಬಳಗದಲ್ಲಿ ಸ್ಪೇನಿನ ಅರಸ ನಾಲ್ಕನೇ ಫಿಲಿಪ್ ಕುರಿತು 45 ನಿಮಿಷ ಮಾತಾಡಬೇಕು. ಆಳ್ವಿಕೆ 1621ರಿಂದ 1665. ಕೇಳುವವರಲ್ಲಿ ಎಂ.ಎ. ಇತಿಹಾಸದವರು, ಕೆಎಎಸ್ ತಯಾರಿಯವರು ಹೆಚ್ಚು. ಎಲ್ಲರ ಕೈಯಲ್ಲಿ ಓಡಾಡುವ ನೋಟ್ಸ್ ಹೇಳುವುದು ಮೂರೇ ಮಾತು: ಅರಸ ಸೋಮಾರಿ, ಮಂತ್ರಿ ಒಲಿವಾರೆಸ್ ಅಹಂಕಾರಿ, ಅಮೆರಿಕದ ಬೆಳ್ಳಿ ನಿಂತುಹೋಯಿತು. ಇಷ್ಟಕ್ಕೇ ಮಾತು ಮುಗಿಸಲು ಮನಸ್ಸಿಲ್ಲ.

1627, 1647, 1652, 1662 ಹೀಗೆ ನಾಲ್ಕು ಸಲ ಖಜಾನೆ ಸಾಲದ ಪಾವತಿ ನಿಲ್ಲಿಸಿತು. ಈ ಅವಧಿಯಲ್ಲೆಲ್ಲ ಸ್ಪೇನಿನ ಸೆವಿಯಾ ಬಂದರಿಗೆ ಅಮೆರಿಕದ ಬೆಳ್ಳಿಯ ಹಡಗುಗಳು ಬರುತ್ತಲೇ ಇದ್ದವು. ಹಾಗಾದರೆ ರೊಕ್ಕ ಎಲ್ಲಿ ಸೋರಿತು? ತಾಮ್ರದ ನಾಣ್ಯಕ್ಕೆ ಮತ್ತೆ ಮುದ್ರೆ ಒತ್ತಿ ಬೆಲೆ ಏರಿಸಿದರು ಅಂತ ಓದಿದೆ, ಆ ಕೆಲಸ ನಡೆಯುತ್ತಿದ್ದದ್ದು ಹೇಗೆ? ಇನ್ನೊಂದು, ಗೋವಾ ಆಗ ಇವನದೇ ಆಗಿತ್ತಲ್ಲ, ಅದರ ಬಿಸಿ ನಮ್ಮ ಕಡೆ ತಟ್ಟಿತೇ? ಬಲ್ಲವರು ಅಂಕಿ-ಸಂಖ್ಯೆ ಸಮೇತ ಬರೆದರೆ ದೊಡ್ಡ ಉಪಕಾರ.

ಕಡತ ಬಲ್ಲವ, ಗದಗ

ಸರ್, ಆ ಮೂರನೇ ಮಾತನ್ನು ಮೊದಲು ಹೊಡೆದುಹಾಕ್ರಿ. ಬೆಳ್ಳಿ ಕಡಿಮೆಯಾದದ್ದು ನಿಜ, ಆದರೆ 1627ರ ದಿವಾಳಿಗೆ ಅದು ಕಾರಣವಲ್ಲ. ಬೆಳ್ಳಿ ಇಳಿಯುವುದು ಸೆವಿಯಾದಲ್ಲಿ, ಖರ್ಚಾಗುವುದು ಬ್ರಸೆಲ್ಸ್, ಮಿಲಾನ್, ವಿಯೆನ್ನಾದಲ್ಲಿ. ಬೆಳ್ಳಿ ಬರುವುದು ವರ್ಷಕ್ಕೊಮ್ಮೆ, ಸೈನಿಕನಿಗೆ ಪಗಾರ ಬೇಕಾದದ್ದು ತಿಂಗಳಿಗೊಮ್ಮೆ. ಊರಿನ ಅಂತರ, ಕಾಲದ ಅಂತರ, ಇವೆರಡನ್ನು ತುಂಬಲು ತೆತ್ತ ಬೆಲೆಯೇ ಸ್ಪೇನಿನ ನಡುನಾಡಾದ ಕ್ಯಾಸ್ಟೀಲನ್ನು ಹಿಂಡಿತು.

ಬೆಳ್ಳಿ ಬರುವ ದಾರಿ ನೋಡಿ. ದಕ್ಷಿಣ ಅಮೆರಿಕದ ಪೊಟೋಸಿ ಗಣಿಯಿಂದ ಅರಿಕಾ ಬಂದರಿಗೆ, ಅಲ್ಲಿಂದ ಹಡಗಿನಲ್ಲಿ ಕಯಾಓ, ಮುಂದೆ ಪನಾಮ. ಭೂಸಂಧಿಯನ್ನು ಹೇಸರಗತ್ತೆಗಳ ಮೇಲೆ ದಾಟಿಸಿ ಪೋರ್ತೊಬೆಲೊ, ಅಲ್ಲಿಂದ ಹವಾನಾ. ಮೆಕ್ಸಿಕೋದ ಬೆಳ್ಳಿ ವೆರಾಕ್ರುಸ್‌ನಿಂದ ಹೊರಟು ಅದೇ ಹವಾನಾದಲ್ಲಿ ಕೂಡಿಕೊಳ್ಳಬೇಕು. ಚಂಡಮಾರುತದ ಹಂಗಾಮು ಬಲಿಯುವ ಮೊದಲು ಹಡಗುಗಳು ಹವಾನಾ ಬಿಡಬೇಕು. ಎಲ್ಲಿಯಾದರೂ ಒಂದು ಕಡೆ ತಡವಾಯಿತೋ, ಈ ವರ್ಷದ ರೊಕ್ಕ ಮುಂದಿನ ವರ್ಷಕ್ಕೆ ಹೋಯಿತು. ಬಂದದ್ದರಲ್ಲೂ ಅರಸನ ಪಾಲು ಚಿಕ್ಕದು: ಗಣಿಯಲ್ಲಿ ಐದರಲ್ಲೊಂದು, ಮೇಲೆ ಕೆಲವು ತೆರಿಗೆ. ಉಳಿದದ್ದೆಲ್ಲ ವ್ಯಾಪಾರಿಗಳದ್ದು.

1620ರಲ್ಲಿ ಅರಸನ ಪಾಲಿಗೆ ಬಂದದ್ದು ಸುಮಾರು 8 ಲಕ್ಷ ಡುಕಾಟ್ (ಆಗಿನ ಲೆಕ್ಕದ ಹಣ). ಮರುವರ್ಷ ಏಪ್ರಿಲ್‌ನಲ್ಲಿ ಡಚ್ಚರ ಜೊತೆಗಿನ 12 ವರ್ಷದ ಕದನವಿರಾಮ ಮುಗಿಯಿತು. ಅಲ್ಲಿಯವರೆಗೆ ವರ್ಷಕ್ಕೆ 15 ಲಕ್ಷ ಡುಕಾಟ್‌ನಲ್ಲಿ ಸಾಗುತ್ತಿದ್ದ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ ಕಡೆಯ) ಸೈನ್ಯದ ಖರ್ಚನ್ನು ಸುಮಾರು 35 ಲಕ್ಷಕ್ಕೆ ಏರಿಸಿದರು. ಅರಸ ಪಟ್ಟಕ್ಕೆ ಬಂದದ್ದು 1621ರ ಮಾರ್ಚ್ 31ಕ್ಕೆ. ಹುಡುಗನಿಗೆ 16 ತುಂಬಲು ಇನ್ನೂ ಎಂಟು ದಿನ ಬಾಕಿ. ಯುದ್ಧಕ್ಕೆ ಮರಳುವ ಒಲವು ಅವನ ತಂದೆಯ ಕೊನೆಗಾಲದಲ್ಲೇ ಆಸ್ಥಾನದಲ್ಲಿ ಬೆಳೆದಿತ್ತು, ಹಾಗಾಗಿ ಅದನ್ನು ಪೂರ್ತಿ ಇವನ ತಲೆಗೆ ಕಟ್ಟಬೇಡಿ.

ಈಗ ಅಂತರ ತುಂಬುವ ಬಗೆ. ಇದಕ್ಕೆ ಅಸಿಯೆಂತೊ ಎಂಬ ಕರಾರು. ಹಣಕಾಸು ಮಂಡಳಿಯವರು ಬರುವ ವರ್ಷಕ್ಕೆ ಎಲ್ಲೆಲ್ಲಿ ಎಷ್ಟು ಬೇಕು ಅಂತ ಪಟ್ಟಿ ಮಾಡಿ ಜಿನೋವಾದ ಸಾಹುಕಾರರನ್ನು ಕರೆಯುತ್ತಿದ್ದರು. ಸಾಹುಕಾರ ಆಂಟ್‌ವರ್ಪ್‌ನಲ್ಲಿ ತಿಂಗಳು ತಿಂಗಳು ಇಷ್ಟು ಬೆಳ್ಳಿ ಕೊಡುತ್ತೇನೆ ಅಂತ ಒಪ್ಪಿ ಹುಂಡಿ ಬರೆಯುತ್ತಿದ್ದ. ಅದಕ್ಕೆ ಪ್ರತಿಯಾಗಿ ಅರಸ ಅವನಿಗೆ ಮೂರು ಕೊಡಬೇಕು: ಬಡ್ಡಿ ಮತ್ತು ವಟಾವು, ಸ್ಪೇನಿನಿಂದ ಬೆಳ್ಳಿ ಹೊರಗೆ ಒಯ್ಯುವ ಪರವಾನಗಿ, ಮತ್ತು ಇಂಥ ಹಡಗಿನ ಬೆಳ್ಳಿ ಅಥವಾ ಇಂಥ ತೆರಿಗೆ ನಿನಗೇ ಸೇರತಕ್ಕದ್ದು ಎಂಬ ಬರಹ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬಿತ್ತುವ ಮೊದಲೇ ದಲಾಲಿ ಅಂಗಡಿಯಲ್ಲಿ ಮುಂಗಡ ಎತ್ತಿದ ರೈತ ಮಾಲನ್ನು ಅಲ್ಲಿಗೇ ಹಾಕಬೇಕಲ್ಲ, ಹಾಗೆ. ಕೆಡುವುದು ಇಲ್ಲಿಯೇ: ಈ ವರ್ಷದ ತೆರಿಗೆ ಆಗಲೇ ಬೇರೆಯವನಿಗೆ ಬರೆದುಕೊಟ್ಟಾಗಿದ್ದರೆ ಬರುವ ವರ್ಷದ್ದನ್ನು, ಆಮೇಲೆ ಅದರಾಚೆಯದ್ದನ್ನು ಬರೆಯಬೇಕು. ಮೂರು ನಾಲ್ಕು ವರ್ಷದ ಆದಾಯ ಮೊದಲೇ ಒತ್ತೆ ಬಿದ್ದ ಮೇಲೆ ಹೊಸ ಕರಾರಿಗೆ ಸಾಹುಕಾರ ಕೇಳುವ ದರ ಏರುತ್ತದೆ, ಅಥವಾ ಅವನು ಬರುವುದೇ ಇಲ್ಲ.

ಆಗ ದಿವಾಳಿ ಆಜ್ಞೆ. ನೋಟ್ಸಿನಲ್ಲಿ ದಿವಾಳಿ ಅಂದರೆ ಖಜಾನೆ ಬರಿದಾಯಿತು ಅಂತ ಬರೆಯುತ್ತಾರೆ. 1627ರ ಜನವರಿ 31ರ ಆಜ್ಞೆ ಮಾಡಿದ್ದು ಬೇರೆಯೇ ಕೆಲಸ: ಸಾಹುಕಾರರಿಗೆ ಬರೆದುಕೊಟ್ಟಿದ್ದ ಆದಾಯವನ್ನು ಅರಸ ವಾಪಸ್ ಎಳೆದುಕೊಂಡ, ದುಬಾರಿ ಅಲ್ಪಾವಧಿ ಸಾಲಕ್ಕೆ ಬದಲಾಗಿ ಅವರ ಕೈಗೆ ಹುರೊ ಪತ್ರ ಕೊಟ್ಟ. ಹುರೊ ಅಂದರೆ ವರ್ಷಾ ವರ್ಷಾ ಬಡ್ಡಿ ಕೊಡುವ ದೀರ್ಘಾವಧಿ ಸಾಲಪತ್ರ, ದರ ನೂರಕ್ಕೆ 5. ಒಂದೇ ಏಟಿಗೆ ಮುಂದಿನ ವರ್ಷಗಳ ಆದಾಯ ಬಿಡುಗಡೆ. ಜಿನೋವಾದವರು ಹಿಂದೆ ಸರಿದ ಜಾಗಕ್ಕೆ ಲಿಸ್ಬನ್ನಿನ ಪೋರ್ಚುಗೀಸ್ ಸಾಹುಕಾರರು ಬಂದರು. ಇವರಲ್ಲಿ ಹೆಚ್ಚಿನವರು ಯಹೂದ್ಯ ಮೂಲದ ಕ್ರೈಸ್ತ ಮನೆತನದವರು. ಅವರಿಗೆ ಒಲಿವಾರೆಸ್‌ನ ರಕ್ಷಣೆ ಇತ್ತು. 1643ರಲ್ಲಿ ಅವನು ಹೋದ ಮೇಲೆ ಧರ್ಮವಿಚಾರಣಾ ಮಂಡಳಿ ಅವರ ಬೆನ್ನು ಹತ್ತಿತು. 1647ರ ದಿವಾಳಿಯಲ್ಲಿ ಮುಳುಗಿದವರೂ ಅವರೇ.

ಹುರೊ ಬಡ್ಡಿಯನ್ನೂ 1630ರ ದಶಕದಿಂದ ಪೂರ್ತಿ ಕೊಡಲಿಲ್ಲ, ಒಂದು ಪಾಲು ಹಿಡಿದುಕೊಂಡರು. ವಿಧವೆಯರು, ಮಠಗಳು, ಆಸ್ಪತ್ರೆಗಳು ಬದುಕುತ್ತಿದ್ದದ್ದು ಇದೇ ಬಡ್ಡಿಯ ಮೇಲೆ. ಸೆವಿಯಾದಲ್ಲಿ ಇಳಿದ ಖಾಸಗಿ ಬೆಳ್ಳಿಯನ್ನೂ ಆಗಾಗ ಜಪ್ತಿ ಮಾಡಿ ಬದಲಿಗೆ ಹುರೊ ಪತ್ರವನ್ನೋ ತಾಮ್ರದ ನಾಣ್ಯವನ್ನೋ ಕೊಟ್ಟರು. ವ್ಯಾಪಾರಿ ಏನು ಮಾಡುತ್ತಾನೆ? ಬೆಳ್ಳಿಯನ್ನು ದಾಖಲೆಗೇ ತರುವುದಿಲ್ಲ. ಕಾದಿಸ್ ಕೊಲ್ಲಿಯಲ್ಲಿ ರಾತ್ರಿ ನೇರವಾಗಿ ಪರದೇಶದ ಹಡಗಿಗೆ ದಾಟಿಸುತ್ತಾನೆ. ನಿಮ್ಮ ನೋಟ್ಸಿನ 'ಬೆಳ್ಳಿ ನಿಂತಿತು' ಎಂಬ ಮಾತು ಹುಟ್ಟಿದ್ದು ಸೆವಿಯಾದ ಸರಕಾರಿ ದಾಖಲೆಯಿಂದ. ಆ ಕಾಲದ ಡಚ್ ಪತ್ರಿಕೆಗಳು ಹಡಗು ಬಂದಾಗಲೆಲ್ಲ ಎಷ್ಟು ಬೆಳ್ಳಿ ಇತ್ತು ಅಂತ ಅಚ್ಚು ಹಾಕುತ್ತಿದ್ದವು. ಅವನ್ನು ಕೂಡಿಸಿದರೆ ಶತಮಾನದ ಮಧ್ಯದ ನಂತರ ಸಿಗುವ ಮೊತ್ತ ದಾಖಲೆಗಿಂತ ಬಹಳ ದೊಡ್ಡದು. ಕದ್ದು ಸಾಗಿಸಿದ್ದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಕೊರತೆ ಬಿದ್ದದ್ದನ್ನು ತುಂಬಿದವರು ಕ್ಯಾಸ್ಟೀಲಿನ ಜನ. ಮಿಲ್ಯೋನೆಸ್ ಎಂಬ ತೆರಿಗೆ ದ್ರಾಕ್ಷಾರಸ, ವಿನೆಗರ್, ಎಣ್ಣೆ, ಮಾಂಸದ ಮೇಲೆ. 1632ರಲ್ಲಿ ಕ್ಯಾಸ್ಟೀಲಿನ ಪಟ್ಟಣಗಳ ಪ್ರತಿನಿಧಿಗಳ ಕೋರ್ತೆಸ್ ಸಭೆ ಇದನ್ನು ಆರು ವರ್ಷಕ್ಕೆ 2 ಕೋಟಿ 40 ಲಕ್ಷ ಡುಕಾಟ್‌ಗೆ ಏರಿಸಿ ಒಪ್ಪಿತು. ವಸೂಲಿಯ ರೀತಿ ಗಮನಿಸಬೇಕಾದದ್ದು: ಬೆಲೆ ಏರಿಸಲಿಲ್ಲ, ಅಳತೆಯ ಪಾತ್ರೆಯನ್ನೇ ಎಂಟರಲ್ಲೊಂದು ಪಾಲು ಕಿರಿದು ಮಾಡಿದರು. ಕೊಳ್ಳುವವನು ಪೂರ್ತಿ ಅಳತೆಯ ದುಡ್ಡು ಕೊಟ್ಟು ಏಳು ಪಾಲು ಎಣ್ಣೆ ಒಯ್ಯುತ್ತಿದ್ದ. ಆ ಎಂಟನೇ ಪಾಲಿನ ದುಡ್ಡು ಖಜಾನೆಗೆ. ಸಭೆಯಲ್ಲಿ ಒಪ್ಪಿಗೆ ಕೊಟ್ಟ ಪಟ್ಟಣಗಳ ಸಿರಿವಂತರಿಗೆ ತಮ್ಮದೇ ತೋಟದ ಎಣ್ಣೆ ಇತ್ತು, ಕೂಲಿಯವನಿಗೆ ಇರಲಿಲ್ಲ.

ಇನ್ನೊಂದು ಸಣ್ಣ ಸಂಗತಿ. ಛಾಪಾ ಕಾಗದವನ್ನು ಸ್ಪೇನಿನಲ್ಲಿ ಜಾರಿಗೆ ತಂದದ್ದೂ ಇವನ ಸರಕಾರವೇ, 1636ರ ಡಿಸೆಂಬರಿನ ಆಜ್ಞೆ, 1637ರ ಜನವರಿ 1ರಿಂದ. ಅಲ್ಲಿಂದಾಚೆ ಕರಾರು, ಅರ್ಜಿ ಎಲ್ಲವೂ ಮುದ್ರೆ ಇದ್ದ ಕಾಗದದ ಮೇಲೇ ಆಗಬೇಕು. ನಮ್ಮ ನೋಂದಣಿ ಕಚೇರಿಗೆ ಹೋಗಿಬಂದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆ ನಾಣ್ಯ, ಹುಬ್ಬಳ್ಳಿ

ತಾಮ್ರದ ಮಾತು ನಾ ಹೇಳ್ತೀನ್ರಿ. ಗದಗಿನವರು ಬರದದ್ದು ಖರೇ, ಆದ್ರ ಅಳತಿ ಗೊತ್ತಿಲ್ದ ಅಂಕಿ ಓದಿದ್ರ ಲೆಕ್ಕ ತಪ್ಪತಾವ. ಬರದಿಟ್ಟುಕೋರ್ರಿ: 1 ರೆಯಾಲ್ ಅಂದ್ರ 34 ಮರಾವೆದಿ. 8 ರೆಯಾಲಿನ ದೊಡ್ಡ ಬೆಳ್ಳಿ ನಾಣ್ಯ, ಅದಕ್ಕ ಪೆಸೊ ಅಂತಾರ, 272 ಮರಾವೆದಿ. ಡುಕಾಟ್ 375 ಮರಾವೆದಿ. ಈ ಕಾಲಕ್ಕ ಅದು ಲೆಕ್ಕದ ಪುಸ್ತಕದಾಗಷ್ಟ ಇತ್ತು, ಕೈಯಾಗ ಹಿಡಿಯೂ ನಾಣ್ಯ ಅಲ್ಲ. ಹಿಂಗಾಗಿ 10 ಲಕ್ಷ ಡುಕಾಟ್ ಅಂದ್ರ 13.8 ಲಕ್ಷ ಪೆಸೊ, ತೂಕಾ ಮಾಡಿದ್ರ 37-38 ಟನ್ ಬೆಳ್ಳಿ. ಒಂದು ಪುಸ್ತಕದಾಗ ಡುಕಾಟ್, ಇನ್ನೊಂದ್ರಾಗ ಪೆಸೊ ಇರ್ತೈತಿ. ಎರಡನ್ನೂ ಒಂದ ಅಂತ ತಿಳದು ಕೂಡಿಸಿದ್ರ ನೂರಕ್ಕ 38ರಷ್ಟು ಹೆಚ್ಚುಕಮ್ಮಿ ಆಗ್ತೈತಿ.

ವೆಯೋನ್ ಅನ್ನೂ ಸಣ್ಣ ನಾಣ್ಯದಾಗ ಮೊದಲ ಒಂದೀಟು ಬೆಳ್ಳಿ ಇರ್ತಿತ್ತು. 1599ರಿಂದ, ಅಂದ್ರ ಇವನ ಅಪ್ಪನ ಕಾಲಕ್ಕ, ಬರೇ ತಾಮ್ರದಾಗ ಹೊಡೀಲಿಕ್ಕೆ ಶುರು ಮಾಡಿದ್ರು. ಸೆಗೋವಿಯಾದ ಟಂಕಶಾಲಿಯೊಳಗ ನೀರಿನ ಚಕ್ರದಿಂದ ತಿರಗೂ ಉರುಳಿ ಇದ್ದವು. ಹಂಗಾಗಿ ರಾಶಿ ರಾಶಿ ಹೊಡಿಯೂದು ಕಠಿಣ ಇರಲಿಲ್ಲ. 1602ರ ನಂತರ ಒಂದು ಮಾರ್ಕ್, ಅಂದ್ರ 230 ಗ್ರಾಂ ತಾಮ್ರಕ್ಕ 280 ಮರಾವೆದಿ ಹೊಡದ್ರು. ಫಿಲಿಪ್ ಪಟ್ಟಕ್ಕ ಬಂದ ಮ್ಯಾಲೂ ಮೊದಲ ಐದು ವರ್ಷ ಇದ ನಡೀತು, 1626ರ ಮೇ ತಿಂಗಳದಾಗ ನಿಲ್ಲಿಸಿದ್ರು.

ಒಂದು ಪೆಸೊ ಬೆಳ್ಳಿ ಇದ್ರ 27 ಗ್ರಾಂ ಚಿಲ್ಲರ. ಅಷ್ಟ ಬೆಲಿ ತಾಮ್ರದಾಗ ಕೊಟ್ರ 220 ಗ್ರಾಂ ದಾಟ್ತೈತಿ. ತೆರಿಗಿ ಹಳ್ಯಾಗ ತಾಮ್ರದಾಗ ಜಮಾ ಆಗೂದು. ಸಾಹುಕಾರಗ ಆಂಟ್‌ವರ್ಪ್‌ನ್ಯಾಗ ಬೆಳ್ಳಿನ ಬೇಕು, ಪರದೇಶದಾಗ ಸ್ಪೇನಿನ ತಾಮ್ರ ಯಾರೂ ಮುಟ್ಟೂದಿಲ್ಲ. ಹಂಗಾಗಿ ತಾಮ್ರ ಕೊಟ್ಟು ಬೆಳ್ಳಿ ಕೊಳ್ಳೂವಾಗ ಮ್ಯಾಲೆ ವಟ್ಟ ಕೊಡಬೇಕಾತು. 1620ರ ದಶಕದ ನಡುವಿಗೆ ಈ ವಟ್ಟ ನೂರಕ್ಕ 50ರ ಸುತ್ತ ಮುಟ್ಟಿತ್ತು. ನಾಣ್ಯ ಹೊಡದು ಗಳಸಿದ್ದನ್ನ ಅರಸ ವಟ್ಟದಾಗ ವಾಪಸ್ ಕಳಕೊಂಡ.

ಮರುಮುದ್ರಿ ಮಾಡೂ ರೀತಿ ಹಿಂಗ. ಡಂಗುರ ಹೊಡಸ್ತಾರ: ಇಂಥಾ ನಾಣ್ಯ ಇಷ್ಟು ದಿನದಾಗ ಟಂಕಶಾಲಿಗೆ ತರಬೇಕು, ಆಮ್ಯಾಲೆ ಹಳೇದು ನಡಿಯೂದಿಲ್ಲ. ತಂದವರಿಗೆ ಹಳೇ ಮುಖಬೆಲಿಯಷ್ಟು ಎಣಿಸಿ ಕೊಡ್ತಾರ, ಸಾಗಾಣಿಕಿ ಖರ್ಚೂ ಕೊಡ್ತಾರ. ನಾಣ್ಯದ ಮ್ಯಾಲೆ ಕಿರೀಟ, ಇಸವಿ, ಹೊಸ ಬೆಲಿಯ ರೋಮನ್ ಅಂಕಿ ಒತ್ತತಾರ. ನೀವು ನಾಲ್ಕರ ಬೆಲಿದು ಮೂರು ನಾಣ್ಯ ಒಯ್ದಿದ್ರಿ ಅನ್ನೋಣ, ಒಟ್ಟು 12 ಮರಾವೆದಿ. ಮುದ್ರಿ ಬಿದ್ದ ಮ್ಯಾಲೆ ಒಂದೊಂದೂ 12 ಆಗ್ತೈತಿ. ನಿಮ್ಮ ಕೈಗೆ ಒಂದು ಬರ್ತೈತಿ, ಎರಡು ಅರಸಗ ಉಳೀತಾವ. 1636ರಾಗ ಹಿಂಗ ಕೆಲವು ನಾಣ್ಯದ ಬೆಲಿ ಮೂರ ಪಟ್ಟು ಮಾಡಿದ್ರು, 1641ರಾಗ ಮತ್ತ ಏರಿಸಿದ್ರು. ಈ ನಾಣ್ಯ ಕೈಯಾಗ ಹಿಡದು ನೋಡಿದವರಿಗೆ ಗೊತ್ತು: ಮೂಲ ಚಿತ್ರ ಪೂರಾ ಅಳಿಸಿರ್ತೈತಿ, ಒಂದರ ಮ್ಯಾಲೊಂದು ಎರಡು ಮೂರು ಮುದ್ರಿ, ಅಂಚು ಒಡದು ಸೊಟ್ಟ ಆಗಿರ್ತೈತಿ.

ಕೆಡೂದು ಎಲ್ಲಿ? ಮುದ್ರಿ ಒತ್ತೂದು ಅಷ್ಟ ಕೆಲಸ ಇದ್ರ ಕಳ್ಳರಿಗೂ ಅದು ಸುಲಭ. ಸ್ವೀಡನ್ನಿನ ತಾಮ್ರ ಡಚ್ಚರ ಕೈಯಾಗ ಇತ್ತು. ಖೊಟ್ಟಿ ವೆಯೋನ್ ಬಂದರಿನಾಗ ಇಳಿಸಿ ಬೆಳ್ಳಿ ಹೊತ್ತುಕೊಂಡು ಹೋದ್ರು, ಅದೂ ಸ್ಪೇನಿನ ಜೋಡಿ ಯುದ್ಧ ಮಾಡೂವಾಗ. ಬೆಲಿ ಏರಿದಾಗ ಸಂತಿ ಒಳಗ ಎಲ್ಲಾ ತುಟ್ಟಿ ಆತು. 1627ರಾಗ ಸಾಮಾನಿಗೆ ದರ ಕಟ್ಟಿ ನೋಡಿದ್ರು, ಜನ ಮಾಲು ಮುಚ್ಚಿಟ್ರು. ಕಡೀಕ 1628ರ ಆಗಸ್ಟ್ 7ಕ್ಕ ಎಲ್ಲಾ ತಾಮ್ರದ ಬೆಲಿ ಅರ್ಧಕ್ಕ ಇಳಿಸಿದ್ರು. ಮುಂಜಾನೆ ಎದ್ದು ನೋಡಿದ್ರ ಪೆಟಗಿಯೊಳಗಿನ ರೊಕ್ಕ ಅರ್ಧ! ನುಕಸಾನಿ ತುಂಬಿ ಕೊಡಲಿಲ್ಲ. 1642ರ ಸೆಪ್ಟೆಂಬರಿನಾಗ ಇದಕ್ಕಿಂತ ಕ್ರೂರ: 12ರ ನಾಣ್ಯ 2ಕ್ಕ ಬಂತು. 1651ರಾಗ ಮತ್ತ ಏರಿಸಿ 1652ರಾಗ ಮತ್ತ ಇಳಿಸಿದ್ರು. ಏರಿಸೂದು ಯುದ್ಧದ ಖರ್ಚಿಗೆ, ಇಳಿಸೂದು ವಟ್ಟ ತಾಳಲಾರದ್ದಕ್ಕ. ಸಾಮ್ರಾಜ್ಯ ಬಿದ್ದದ್ದನ್ನ ಕ್ಯಾಸ್ಟೀಲಿನ ಕಿರಾಣಿ ಅಂಗಡಿಯವ ಮೊದಲ ಕಂಡದ್ದು ಈ ತಾಮ್ರದಾಗ.

ಪುಟ ತಿರುವಿ, ಹಾವೇರಿ

ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ರೊಕ್ಕದ ಲೆಕ್ಕ 1640ರ ಬಾಗಿಲವರೆಗೆ ಮಾತ್ರ ಕರೆದೊಯ್ಯುತ್ತದೆ. ಅದೇ ಕಷ್ಟ ಕ್ಯಾಸ್ಟೀಲಿಗೂ ಇತ್ತು, ಅಲ್ಲಿ ಯಾಕೆ ದೊಡ್ಡ ದಂಗೆ ಆಗಲಿಲ್ಲ? ಕ್ಯಾಟಲೋನಿಯಾ, ಪೋರ್ಚುಗಲ್ ಮಾತ್ರ ಯಾಕೆ ಎದ್ದವು?

ಫಿಲಿಪ್ ಒಂದೇ ದೇಶದ ಅರಸನಲ್ಲ. ಕ್ಯಾಸ್ಟೀಲ್, ಅರಗಾನ್, ಕ್ಯಾಟಲೋನಿಯಾ, ವೆಲೆನ್ಸಿಯಾ, ಪೋರ್ಚುಗಲ್, ನೇಪಲ್ಸ್, ಸಿಸಿಲಿ, ಮಿಲಾನ್ ಒಂದೊಂದಕ್ಕೂ ಬೇರೆ ಕಾಯ್ದೆ, ಬೇರೆ ಸಭೆ. ಪ್ರತಿಯೊಂದರ ಕಾಯ್ದೆ ಪಾಲಿಸುತ್ತೇನೆಂದು ಪ್ರಮಾಣ ಮಾಡಿದ್ದರಿಂದಲೇ ಅವನು ಅಲ್ಲಿಯ ಒಡೆಯ. ಭಾರವೆಲ್ಲ ಕ್ಯಾಸ್ಟೀಲ್ ಒಂದರ ಮೇಲೆ ಬಿದ್ದದ್ದನ್ನು ಒಲಿವಾರೆಸ್ ಸರಿಯಾಗಿಯೇ ಗುರುತಿಸಿದ. 1626ರ ಅವನ ಶಸ್ತ್ರ ಒಕ್ಕೂಟ ಯೋಜನೆಯಲ್ಲಿ 1,40,000 ಸೈನಿಕರ ಮೀಸಲು ಪಡೆ. ಕ್ಯಾಸ್ಟೀಲ್ ಮತ್ತು ಅಮೆರಿಕ ಸೇರಿ 44,000, ಕ್ಯಾಟಲೋನಿಯಾ, ಪೋರ್ಚುಗಲ್, ನೇಪಲ್ಸ್ ತಲಾ 16,000, ಫ್ಲಾಂಡರ್ಸ್ 12,000, ಅರಗಾನ್ 10,000, ಮಿಲಾನ್ 8,000, ವೆಲೆನ್ಸಿಯಾ, ಸಿಸಿಲಿ, ದ್ವೀಪಗಳು ತಲಾ 6,000. ಕಾಗದದ ಮೇಲೆ ನ್ಯಾಯವಾಗಿದೆ. ಆದರೆ ಕ್ಯಾಟಲೋನಿಯಾದ ಜನಸಂಖ್ಯೆಯನ್ನು ಅವನು ಹಿಡಿದದ್ದು ಸುಮಾರು 10 ಲಕ್ಷ, ನಿಜಕ್ಕೂ ಇದ್ದದ್ದು ಅದರ ಅರ್ಧದ ಆಸುಪಾಸು. ಅಷ್ಟೇ ಅಲ್ಲ, ತಮ್ಮ ಗಡಿಯಾಚೆ ಹೋಗಿ ಕಾದಬೇಕೆಂಬ ಹಂಗು ಅಲ್ಲಿಯ ಕಾಯ್ದೆಯಲ್ಲಿ ಇರಲಿಲ್ಲ. 1626ರಲ್ಲಿ ಬಾರ್ಸಿಲೋನಾದ ಸಭೆ ಏನೂ ಕೊಡದೇ ಮುಗಿಯಿತು.

1635ರ ಮೇ ತಿಂಗಳಲ್ಲಿ ಫ್ರಾನ್ಸ್ ಯುದ್ಧ ಸಾರಿತು. ಒಲಿವಾರೆಸ್ ಆ ಯುದ್ಧವನ್ನು ಕ್ಯಾಟಲನ್ ಗಡಿಗೇ ತಂದ. ಯುದ್ಧ ಮನೆ ಬಾಗಿಲಿಗೆ ಬಂದರೆ ಅವರೂ ದುಡ್ಡು ಬಿಚ್ಚುತ್ತಾರೆ ಎಂಬ ಎಣಿಕೆ. 1640ರ ಆರಂಭದಲ್ಲಿ ಸೈನ್ಯವನ್ನು ರೈತರ ಮನೆಗಳಲ್ಲಿ ಉಳಿಸಿದರು. ಪಗಾರ ಬಾರದ ಸೈನಿಕ ಕಾಳು, ಕುರಿ ಎತ್ತಿಕೊಂಡು ಹೋಗುತ್ತಾನೆ. ಇಲ್ಲಿ ಗದಗಿನವರ ಲೆಕ್ಕ ಮತ್ತು ನನ್ನ ಮಾತು ಕೂಡುತ್ತವೆ. ಜೂನ್ 7ರಂದು ಬಾರ್ಸಿಲೋನಾಕ್ಕೆ ಕೊಯ್ಲಿನ ಕೂಲಿಗಳು ಬಂದಿದ್ದ ದಿನ ದಂಗೆ ಎದ್ದಿತು, ವೈಸರಾಯ್ ಸಾಂತಾ ಕೊಲೋಮಾ ಸಮುದ್ರ ತೀರದಲ್ಲಿ ಕೊಲೆಯಾದ. ಅದನ್ನು ಅಡಗಿಸಲು ಪೋರ್ಚುಗಲ್ಲಿನ ಸರದಾರರನ್ನು ಕರೆದರು. ಅವರು ಕ್ಯಾಟಲೋನಿಯಾಕ್ಕೆ ಹೋಗುವ ಬದಲು ಡಿಸೆಂಬರ್ 1ರಂದು ಲಿಸ್ಬನ್‌ನಲ್ಲಿ ಬ್ರಗಾಂಸಾ ಡ್ಯೂಕನನ್ನು ನಾಲ್ಕನೇ ಜುವಾಂವ್ ಎಂದು ಅರಸನಾಗಿ ಸಾರಿದರು. ಅವರ ಸಿಟ್ಟಿಗೆ ಇನ್ನೂ ಒಂದು ಕಾರಣ: ಸ್ಪೇನಿನ ಶತ್ರುಗಳಾದ ಡಚ್ಚರು 1630ರಿಂದ ಬ್ರೆಜಿಲ್‌ನ ರೆಸಿಫೆ ಹಿಡಿದು ಕೂತಿದ್ದರು, ಮ್ಯಾಡ್ರಿಡ್‌ಗೆ ಬಿಡಿಸಲಾಗಲಿಲ್ಲ.

ಸೇನೆಯ ದೃಷ್ಟಿಯಿಂದ ಎಲ್ಲರೂ 1643ರಲ್ಲಿ ರೊಕ್ರುವಾದಲ್ಲಿ ಫ್ರೆಂಚರ ಕೈಯಲ್ಲಿ ಆದ ಸೋಲನ್ನು ತಿರುವು ಎನ್ನುತ್ತಾರೆ. ನನ್ನ ಎಣಿಕೆಯಲ್ಲಿ ಅದಕ್ಕಿಂತ ಭಾರವಾದವು ಎರಡು: 1638ರ ಡಿಸೆಂಬರಿನಲ್ಲಿ ರೈನ್ ದಂಡೆಯ ಬ್ರೈಸಾಕ್ ಕೋಟೆ ಬಿದ್ದದ್ದು, 1639ರ ಅಕ್ಟೋಬರ್ 21ರಂದು ಇಂಗ್ಲೆಂಡಿನ ಕರಾವಳಿಯ ಡೌನ್ಸ್‌ನಲ್ಲಿ ಡಚ್ ಸೇನಾನಿ ಟ್ರೋಂಪ್ ಸ್ಪೇನಿನ ಹಡಗುಪಡೆ ಸುಟ್ಟದ್ದು. ಮೊದಲನೆಯದರಿಂದ ಮಿಲಾನ್‌ನಿಂದ ಫ್ಲಾಂಡರ್ಸ್‌ಗೆ ಹೋಗುವ ನೆಲದ ದಾರಿ ಕಡಿಯಿತು, ಎರಡನೆಯದರಿಂದ ನೀರಿನ ದಾರಿ. ಅಲ್ಲಿಂದ ಮುಂದೆ ರೊಕ್ಕ ಇದ್ದರೂ ಆಳು ಕಳಿಸುವುದು ಕಷ್ಟ.

ಉಣಕಲ್ ದಂಡೆ, ಹುಬ್ಬಳ್ಳಿ

ಗೋವಾ ಪ್ರಶ್ನೆಗೆ. ಮೊದಲು ಅಂಕಿಯ ಗೊಂದಲ ಬಿಡಿಸಿಕೊಳ್ಳಿ, ಪರೀಕ್ಷೆಯಲ್ಲೂ ಇಲ್ಲೇ ತಪ್ಪುವುದು. ಪೋರ್ಚುಗಲ್ ಸ್ಪೇನಿನ ಅರಸರ ಕೈಗೆ ಬಂದದ್ದು 1580ರಲ್ಲಿ. ಹಾಗಾಗಿ ಸ್ಪೇನಿನ ನಾಲ್ಕನೇ ಫಿಲಿಪ್ ಪೋರ್ಚುಗೀಸ್ ದಾಖಲೆಗಳಲ್ಲಿ ಮೂರನೇ ಫಿಲಿಪ್. ಗೋವಾದ ಕಾಗದಪತ್ರದಲ್ಲಿ 'ಮೂರನೇ ಫಿಲಿಪ್' ಕಂಡರೆ ಇಸವಿ ನೋಡಿ ತೀರ್ಮಾನಿಸಿ, 1621ರ ನಂತರದ್ದಾದರೆ ಇವನೇ.

ಸ್ಪೇನಿನ ಜೊತೆಗಿನ ವೈರ ಡಚ್ಚರನ್ನು ಪೋರ್ಚುಗೀಸರ ಮೇಲೂ ಎತ್ತಿಕಟ್ಟಿತು. 1622ರಲ್ಲಿ ಪರ್ಶಿಯನ್ನರು ಇಂಗ್ಲಿಷರ ಹಡಗುಗಳ ನೆರವಿನಿಂದ ಹೊರ್ಮುಜ್ ಕಿತ್ತುಕೊಂಡರು. 1636ರಿಂದ ಡಚ್ಚರು ಗೋವಾದ ಬಂದರಿನ ಬಾಯಿಗೆ ಅಡ್ಡಗಟ್ಟಿ ನಿಂತರು, 1641ರ ಜನವರಿಯಲ್ಲಿ ಮಲಾಕ್ಕಾ ಹೋಯಿತು. ಇಂಗ್ಲಿಷರ ಜೊತೆಯಾದರೂ ರಾಜಿ ಇರಲೆಂದು ವೈಸರಾಯ್ ಲಿನ್ಯಾರೆಸ್ 1635ರಲ್ಲಿ ಗೋವಾದಲ್ಲಿ ಒಪ್ಪಂದ ಮಾಡಿಕೊಂಡ.

ಆಗ ಹುಬ್ಬಳ್ಳಿ-ಧಾರವಾಡ ವಿಜಾಪುರದ ಆದಿಲ್‌ಶಾಹಿಯಲ್ಲಿ. ಗೋಳಗುಮ್ಮಟದ ಮೊಹಮ್ಮದ್ ಆದಿಲ್‌ಶಾ (1627–1656) ಫಿಲಿಪ್‌ನ ಸಮಕಾಲೀನ. ಕರಾವಳಿಯ ಕರಿಮೆಣಸು ಕೆಳದಿ ನಾಯಕರ ಕೈಯಲ್ಲಿ. ಗೋವಾದವರು ಮೆಣಸು ಕೊಳ್ಳಬೇಕಾದರೆ ಲಿಸ್ಬನ್‌ನಿಂದ ಬೆಳ್ಳಿಯ ರೆಯಾಲ್ ಬರಬೇಕು. ಅದು ಸಾಲದೆ ಬಂದಷ್ಟೂ ಖರೀದಿ ಸೊರಗಿತು. ಅದಕ್ಕೆಂದೇ 1628ರಲ್ಲಿ ಒಂದು ಪೋರ್ಚುಗೀಸ್ ಇಂಡಿಯಾ ಕಂಪನಿ ಕಟ್ಟಿದರು, ಬಂಡವಾಳ ಸಾಕಾಗದೆ 1633ರಲ್ಲಿ ಮುಚ್ಚಿದರು.

ಒಂದು ಎಚ್ಚರಿಕೆ. ಶಿವಪ್ಪ ನಾಯಕ ಹೊನ್ನಾವರ, ಗಂಗೊಳ್ಳಿ, ಬಸರೂರಿನ ಪೋರ್ಚುಗೀಸ್ ಕೋಟೆಗಳನ್ನು ಹಿಡಿದದ್ದು 1652–54ರ ಸುಮಾರಿಗೆ. ಅದನ್ನು ಫಿಲಿಪ್‌ನ ಸೋಲಿನ ಪಟ್ಟಿಗೆ ಸೇರಿಸಬೇಡಿ. 1641ರಲ್ಲೇ ಗೋವಾ ಹೊಸ ಅರಸ ಜುವಾಂವ್‌ನ ಪಕ್ಷ ಸೇರಿತ್ತು. ಕೊಲಂಬೊ (1656), ಕೊಚ್ಚಿ (1663) ಡಚ್ಚರ ಪಾಲಾದಾಗಲೂ ಅಷ್ಟೇ.

ಮಾಳಮಡ್ಡಿ ಓದುಗ, ಧಾರವಾಡ

ಇಷ್ಟು ಸಿಕ್ಕಿತಲ್ಲ, ಎಲ್ಲರಿಗೂ ಶರಣು. ಎರಡು ಉಳಿದವು. ಅರಸ ಸೋಮಾರಿ ಅನ್ನುವುದು ಎಷ್ಟು ಸರಿ? ಮತ್ತು 45 ನಿಮಿಷದಲ್ಲಿ ಯಾವುದನ್ನು ಬಿಡಲಿ?

ಪುಟ ತಿರುವಿ, ಹಾವೇರಿ

ಸೋಮಾರಿ ಅನ್ನುವುದು ಮೊದಲ ಕೆಲವು ವರ್ಷಕ್ಕೆ ಸಲ್ಲಬಹುದು. ಬೇಟೆ, ನಾಟಕ, ಹೆಣ್ಣಿನ ಹುಚ್ಚು ಇದ್ದದ್ದು ಸುಳ್ಳಲ್ಲ. ಆದರೆ ಮಂಡಳಿಗಳು ಕಳಿಸಿದ ಟಿಪ್ಪಣಿಗಳ ಅಂಚಿನಲ್ಲಿ ಅವನ ಸ್ವಂತ ಕೈಬರಹದ ಆದೇಶ ರಾಶಿ ಇವೆ. ಇಟಲಿಯ ಇತಿಹಾಸವನ್ನು ತಾನೇ ಸ್ಪ್ಯಾನಿಷ್‌ಗೆ ಅನುವಾದಿಸಿದ. 1643ರಿಂದ ಸಾಯುವ ವರ್ಷದವರೆಗೆ ಆಗ್ರೆದಾದ ಸನ್ಯಾಸಿನಿ ಸೋರ್ ಮರಿಯಾಳ ಜೊತೆ ನಡೆಸಿದ ಪತ್ರವ್ಯವಹಾರ 600 ಪತ್ರ ದಾಟುತ್ತದೆ. ಹಾಳೆಯ ಒಂದು ಬದಿಗೆ ಅವನು ಬರೆದು ಇನ್ನೊಂದು ಬದಿ ಖಾಲಿ ಬಿಟ್ಟು ಕಳಿಸುತ್ತಿದ್ದ, ಅವಳು ಅಲ್ಲೇ ಉತ್ತರಿಸಿ ಮರಳಿಸುತ್ತಿದ್ದಳು. ಸೋಲುಗಳೆಲ್ಲ ತನ್ನ ಪಾಪಕ್ಕೆ ದೇವರ ಶಿಕ್ಷೆ ಅಂತ ಅಲ್ಲಿ ಮತ್ತೆ ಮತ್ತೆ ಬರೆಯುತ್ತಾನೆ. ಅವನ ದೋಷ ನಾನು ಕಾಣುವುದು ಬೇರೆ ಕಡೆ: ಬಿಡಬೇಕಾದದ್ದನ್ನು ಸಮಯಕ್ಕೆ ಬಿಡಲಿಲ್ಲ. 1625ರಲ್ಲಿ ಡಚ್ಚರ ಬ್ರೇಡಾ ಊರು ಗೆದ್ದಾಗ, ಬ್ರೆಜಿಲ್‌ನ ಬಾಹಿಯಾ ಮರಳಿ ಪಡೆದಾಗ ಡಚ್ಚರ ಜೊತೆ ಮಾತುಕತೆಗೆ ಅವಕಾಶ ಇತ್ತು. ಮಾನ ಹೋಗುತ್ತದೆಂಬ ಭಯದಲ್ಲಿ ಯುದ್ಧ ಎಳೆದ. 1628ರಲ್ಲಿ ಕ್ಯೂಬಾದ ಮತಾಂಸಾಸ್ ಕೊಲ್ಲಿಯಲ್ಲಿ ಡಚ್ ನೌಕಾ ಸೇನಾನಿ ಪೀಟ್ ಹೈನ್ ಒಂದು ಕೋಟಿ ಗಿಲ್ಡರ್‌ಗೂ ಹೆಚ್ಚಿನ ಬೆಳ್ಳಿಯ ಹಡಗುಪಡೆ ಹಿಡಿದ. 1648ರಲ್ಲಿ ಮ್ಯೂನ್ಸ್ಟರ್‌ನಲ್ಲಿ ಡಚ್ಚರಿಗೆ ಪೂರ್ತಿ ಸ್ವಾತಂತ್ರ್ಯ ಕೊಡಬೇಕಾಯಿತು. ಪೋರ್ಚುಗಲ್ ವಿಷಯದಲ್ಲೂ ಅದೇ ಹಟ. ಸಾಯುವ ಮೂರು ತಿಂಗಳ ಮುಂಚೆ, 1665ರ ಜೂನ್ 17ರಂದು, ಕೊನೆಯ ಸೈನ್ಯವನ್ನು ಮೊಂತೆಸ್ ಕ್ಲಾರೊಸ್‌ನಲ್ಲಿ ಕಳೆದುಕೊಂಡ.

ಕಡತ ಬಲ್ಲವ, ಗದಗ

ಸಮಯದ ಹಂಚಿಕೆಗೆ: ಮೂವತ್ತು ವರ್ಷದ ಯುದ್ಧದ ಕದನಗಳ ಪಟ್ಟಿ ಪೂರ್ತಿ ಬಿಡ್ರಿ, ಅದರಲ್ಲೇ ಅರ್ಧ ತಾಸು ಹೋಗುತ್ತದೆ. ಅಸಿಯೆಂತೊ ಕರಾರಿಗೆ 15 ನಿಮಿಷ, ತಾಮ್ರಕ್ಕೆ 10, 1640ಕ್ಕೆ 12. ಉಳಿದದ್ದರಲ್ಲಿ ಗೋವಾ ಮತ್ತು 1659ರ ಒಪ್ಪಂದ. ಬೋರ್ಡಿನ ಮೇಲೆ ನಕಾಶೆ ಬರೆಯುವುದಾದರೆ ಸೆವಿಯಾ, ಜಿನೋವಾ, ಮಿಲಾನ್, ಬ್ರೈಸಾಕ್, ಆಂಟ್‌ವರ್ಪ್ ಐದೇ ಊರು ಸಾಕು. ವೆಲಾಸ್ಕೆಸ್‌ನ ಚಿತ್ರ ತೋರಿಸುವ ಆಸೆ ಇದ್ದರೆ ಬ್ರೇಡಾ ಶರಣಾಗತಿಯ ಚಿತ್ರ ತೋರಿಸಿ. 1634–35ರಲ್ಲಿ ಹೊಸ ಬ್ವೆನ್ ರೆತೀರೊ ಅರಮನೆಯ ರಾಜ್ಯಗಳ ಸಭಾಂಗಣಕ್ಕೆಂದು ಬರೆಸಿದ್ದು. 1637ರಲ್ಲಿ ಡಚ್ಚರು ಬ್ರೇಡಾ ವಾಪಸ್ ಪಡೆದರು, ಚಿತ್ರ ಗೋಡೆಯ ಮೇಲೇ ಇತ್ತು.

1659ರ ನವೆಂಬರ್ 7ರ ಪಿರನೀಸ್ ಒಪ್ಪಂದದಲ್ಲಿ ರೂಸಿಯೋನ್ ಪ್ರಾಂತ ಫ್ರಾನ್ಸಿಗೆ ಹೋದದ್ದನ್ನು ಎಲ್ಲರೂ ಬರೆಯುತ್ತಾರೆ. ಮದುವೆಯ ಕರಾರು ಮರೆಯಬೇಡಿ. ಮಗಳು ಮರಿಯಾ ತೆರೇಸಾಳನ್ನು ಫ್ರಾನ್ಸಿನ ಅರಸ ಹದಿನಾಲ್ಕನೇ ಲೂಯಿಗೆ ಕೊಡುವಾಗ, 5 ಲಕ್ಷ ಚಿನ್ನದ ಎಸ್ಕುದೊ ವರದಕ್ಷಿಣೆ ಪಡೆದ ಮೇಲೆ ಅವಳು ಸ್ಪೇನಿನ ಸಿಂಹಾಸನದ ಹಕ್ಕು ಬಿಡತಕ್ಕದ್ದು ಅಂತ ಬರೆಸಿಕೊಂಡರು. ಮೂರು ವರ್ಷದಲ್ಲಿ ನಾಲ್ಕನೇ ದಿವಾಳಿ ಕಂಡ ಖಜಾನೆಗೆ ಆ ಮೊತ್ತ ಕೊಡಲಾಗಲಿಲ್ಲ. ಹಣ ಬಾರದ್ದರಿಂದ ಹಕ್ಕು ಬಿಟ್ಟದ್ದೂ ಲೆಕ್ಕಕ್ಕಿಲ್ಲ ಎಂದು ಲೂಯಿಯ ವಕೀಲರು ವಾದ ಹೂಡಿದರು, 1667ರಲ್ಲಿ ಫ್ರೆಂಚ್ ಸೈನ್ಯ ಫ್ಲಾಂಡರ್ಸ್‌ಗೆ ನುಗ್ಗಿತು. ಆಗ ಸಿಂಹಾಸನದ ಮೇಲೆ ಫಿಲಿಪ್‌ನ ಆರು ವರ್ಷದೊಳಗಿನ ಮಗ ಎರಡನೇ ಕಾರ್ಲೋಸ್.